ನೋಟಿಗೆ ಕೊಸರು

ರಾಗಿಯೂ ದುಡ್ಡೇ ಆಗಿದ್ದ ಕಾಲ ಅದು. ಎಪ್ಪತ್ತರ ದಶಕದಲ್ಲಿ ಶಿರಾದ ಸುತ್ತಮುತ್ತ ಕ್ಷೌರಕ್ಕೂ ರಾಗಿ, ಮಡಕೆಗೂ ರಾಗಿ. ಕುರಿ ಸಾಕುವ ನಮಗಂತೂ ಅದೇ ಸಂಬಳ. ಬೇಸಿಗೆಯಲ್ಲಿ ಅಪ್ಪ ಕಳ್ಳಂಬೆಳ್ಳದ ಕಡೆಯ ಹೊಲಗಳಲ್ಲಿ ಕುರಿಮಂದೆ ತರುಬುತ್ತಿದ್ದ, ಅಂದರೆ ರಾತ್ರಿಯೆಲ್ಲ ಅಲ್ಲೇ ಕೂಡಿಹಾಕುತ್ತಿದ್ದ. ಹಿಕ್ಕೆ, ಗಂಜಲ ಹೊಲಕ್ಕೆ ಗೊಬ್ಬರ. ಬದಲಿಗೆ ನಮಗೆ ರಾಗಿ. ಆ ಹಿಕ್ಕೆಯ ಘಾಟು ಇವತ್ತಿಗೂ ನನಗೆ ಸುವಾಸನೆಯೇ, ಯಾರು ಮೂಗು ಮುಚ್ಚಿಕೊಂಡರೂ ಸರಿ.

ರಾಗಿ ತರಲು ಹೊಲದ ಯಜಮಾನ ರಂಗಪ್ಪನವರ ಮನೆಗೇ ಹೋಗಬೇಕಿತ್ತು. ಅವರ ಹೆಂಡತಿ ಹೊನ್ನಮ್ಮ ಮೊದಲು ಮುದ್ದೆ, ಹುರುಳಿಕಾಳಿನ ಸಾರು ಬಡಿಸಿ, ಆಮೇಲೆ ಸೇರಿನಲ್ಲಿ ರಾಗಿ ಅಳೆಯುತ್ತಿದ್ದರು. ಅಳತೆ ಮುಗಿದ ಮೇಲೆ ಇನ್ನೊಂದಿಷ್ಟು ಬೊಗಸೆಯಲ್ಲಿ ಸುರಿಯುತ್ತಿದ್ದ ಕೊಸರು ನನ್ನ ಪಾಲು. ಆ ವರ್ಷದ ಕೊಸರು ಕೊಟ್ಟು ಬಳೆಗಾರ್ತಿಯಿಂದ ಕೆಂಪು ಗಾಜಿನ ಬಳೆ ತೊಡಿಸಿಕೊಳ್ಳುವುದೆಂದು ನಾನು ತೀರ್ಮಾನ ಮಾಡಿಯಾಗಿತ್ತು.

ಆದರೆ ಆ ಸಲ ರಂಗಪ್ಪನವರು ಕಡಲೆಕಾಯಿ ಮಾರಿ ಕೈತುಂಬ ದುಡ್ಡು ಮಾಡಿಕೊಂಡಿದ್ದರು. ರಾಗಿಯ ಬದಲು ನೋಟು ಎಣಿಸಿ ಅಪ್ಪನ ಕೈಗಿಟ್ಟರು. ಅಪ್ಪನಿಗೆ ಖುಷಿಯೋ ಖುಷಿ, ಮೂಟೆ ಹೊರುವ ಕೆಲಸ ತಪ್ಪಿತಲ್ಲ! ನಾನು ಮಾತ್ರ ಲಂಗದ ಮಡಿಲು ಒಡ್ಡಿಕೊಂಡು ನಿಂತೇ ಇದ್ದೆ.

"ಇನ್ಯಾಕೆ ನಿಂತಿದ್ದೀಯಮ್ಮಣ್ಣಿ? ದುಡ್ಡು ಕೊಟ್ಟಾಯ್ತಲ್ಲ" ಎಂದರು ರಂಗಪ್ಪ.

"ನನ್ ಕೊಸರು?"

"ನೋಟಿಗೆಲ್ಲಿ ಬಂತು ಕೊಸರು? ಸರ್ಕಾರ ಅಚ್ಚಾಕಿರೋದೇ ಅಷ್ಟು!"

"ನಾವು ಕುರಿ ತರುಬಿದ್ದು ಸರ್ಕಾರದ್ ಹೊಲ್ದಾಗಲ್ಲ, ನಿಮ್ ಹೊಲ್ದಾಗೆ."

ಅಪ್ಪ ನಾಚಿಕೆಯಿಂದ, "ಬಾರೇ, ಹೋಗಾನ" ಎಂದು ನನ್ನ ಕೈ ಎಳೆದ. ನಾನು ಕದಲಲಿಲ್ಲ. ಒಳಗಿನಿಂದ ಹೊನ್ನಮ್ಮ ನಗುತ್ತಲೇ ಬಂದರು.

"ಸರಿಯಾಗೇ ಕೇಳ್ತಾವಳೆ. ಕೊಸರಿಲ್ದಂಗೆ ಕಳ್ಸಿದ್ರೆ ನಮ್ ಹೊಲ ಒಪ್ಪತ್ತಾ?" ಎಂದು ಬೊಗಸೆ ತುಂಬ ರಾಗಿ ತಂದು ನನ್ನ ಮಡಿಲಿಗೆ ಸುರಿದರು. ಕೆಂಪು ಬಳೆ ತೊಟ್ಟುಕೊಂಡು ಹಟ್ಟಿಯ ಹುಡುಗಿಯರ ಮುಂದೆ ನಾನು ಮೆರೆದದ್ದೇ ಮೆರೆದದ್ದು.

ನೋಟನ್ನು ಬೈಯುವವಳಲ್ಲ ನಾನು. ರಾಗಿ ಕೊಟ್ಟರೆ ಮಧುಗಿರಿ ಬಸ್ಸಿನ ಕಂಡಕ್ಟರು ಟಿಕೆಟ್ ಹರಿಯುತ್ತಿರಲಿಲ್ಲ. ನಾನು ಓದಿದ್ದು, ಟೀಚರಾದದ್ದು ಆ ನೋಟುಗಳಿಂದಲೇ. ಆದರೆ ಮುಂದಿನ ಬೇಸಿಗೆಯಿಂದ ರಂಗಪ್ಪನವರು ಹೊಲದ ಬದುವಿನಲ್ಲೇ ದುಡ್ಡು ಕೊಟ್ಟು ಕಳಿಸತೊಡಗಿದರು. ಅವರ ಮನೆಗೆ ಹೋಗುವ ಕಾರಣವೇ ಉಳಿಯಲಿಲ್ಲ. ಹೊನ್ನಮ್ಮ ತೀರಿಕೊಂಡ ಸುದ್ದಿ ನಮಗೆ ತಿಳಿಯುವ ಹೊತ್ತಿಗೆ ಅವರ ವರ್ಷದ ತಿಥಿಯೂ ಮುಗಿದುಹೋಗಿತ್ತು.