ಹತ್ತು ಮನೆಗಳಲ್ಲಿ ಜುಮಾನಾಳ ದನಿ

ಗುಡುಗಿದರೆ ಪ್ಲಗ್ ಕೀಳದ ಮನೆ ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕು ಜಾಲಾಡಿದರೂ ಸಿಗದು. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಮೂರು ಗಂಟೆಗೆ ಘಟ್ಟದ ಕಡೆ ಕಪ್ಪಾಗುತ್ತದೆ. ಮನೆಯಲ್ಲಿರುವ ಹೆಂಗಸು ಎದ್ದು ಟಿವಿ, ಫ್ರಿಜ್, ವೈಫೈ ಪೆಟ್ಟಿಗೆ ಎಂದು ಒಂದೊಂದನ್ನೇ ಕೀಳುತ್ತಾ ಹೋಗುತ್ತಾಳೆ. ಒಂದು ಸಲ ಸಿಡಿಲಿಗೆ ಟಿವಿ ಸುಟ್ಟರೆ ಆ ಮನೆಗೆ ಮೂರು ತಲೆಮಾರಿನ ಪಾಠ. ಇಂಥ ಊರಿನಲ್ಲಿ ಮನೆಮನೆಗೆ ಹೋಗಿ, ಗುಡುಗು ಬಂದರೂ ನನ್ನ ಪೆಟ್ಟಿಗೆಯ ಪ್ಲಗ್ ಮಾತ್ರ ತೆಗೆಯಬೇಡಿ ಎಂದು ಕೈಮುಗಿದ ಒಬ್ಬನೇ ಮನುಷ್ಯ ಕಡಬದ ನೌಷಾದ್. ಅವನನ್ನು ಮೊದಲ ಸಲ ಕಂಡಾಗ ನನ್ನ ಹೆಂಡತಿ, ಇವನಿಗೆ ಎಲ್ಲೋ ಒಂದು ನಟ್ಟು ಸಡಿಲ ಉಂಟು ಎಂದಿದ್ದಳು.

ನಾನು ಪಂಜದ ಕಡೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ಮನೆಯಲ್ಲಿ ಕೂತವನು. ನನ್ನ ಸಿಟ್ಟಿಗೆ ಹೆದರಿ ಸೀಮೆಸುಣ್ಣವೂ ತುಂಡಾಗುತ್ತಿತ್ತು ಎಂದು ಹಳೆಯ ಶಿಷ್ಯರು ಈಗಲೂ ಗೇಲಿ ಮಾಡುತ್ತಾರೆ. ಲ್ಯಾಪ್‌ಟಾಪ್ ಕೆಟ್ಟಾಗ ಕಡಬ ಪೇಟೆಯಲ್ಲಿರುವ ನೌಷಾದನ ರಿಪೇರಿ ಅಂಗಡಿಗೆ ಹೋದೆ. ಹಾಗೆ ಗುರುತಾದದ್ದು.

ಅವನು ಹದಿನಾಲ್ಕು ವರ್ಷ ಗಲ್ಫಿನ ದಮ್ಮಾಮಿನಲ್ಲಿ ಒಂದು ಕಂಪನಿಯ ಸರ್ವರ್ ಕೋಣೆಯಲ್ಲಿದ್ದ. ಹೋಗುವಾಗ ಮಗಳು ಜುಮಾನಾಳಿಗೆ ಎರಡು ವರ್ಷ. ಎರಡು ವರ್ಷಕ್ಕೊಮ್ಮೆ ಬಂದು ಎರಡು ತಿಂಗಳು ಇದ್ದು ಹೋಗುತ್ತಿದ್ದ. ಉಳಿದ ಕಾಲವೆಲ್ಲ ಅವನ ಪಾಲಿಗೆ ಮಗಳೆಂದರೆ ಫೋನಿನಲ್ಲಿ ಬರುವ ದನಿ. ಇವತ್ತು ಬೆಕ್ಕು ಮರಿ ಹಾಕಿತು, ಇವತ್ತು ಉಮ್ಮ ಹೊಡೆದಳು, ಉಪ್ಪ ನಿಮಗೆ ಅಲ್ಲಿ ಈಗ ಗಂಟೆ ಎಷ್ಟು, ಹೀಗೆ ದಿನಕ್ಕೆ ಒಂದಾದರೂ ಬ್ಯಾರಿ ಮಾತಿನ ವಾಯ್ಸ್ ಮೆಸೇಜ್ ಬರುತ್ತಿತ್ತು. ಎತ್ತಿ ಆಡಿಸದೆ, ಶಾಲೆಗೆ ಕರೆದೊಯ್ಯದೆ, ಕಿವಿಯಲ್ಲೇ ಮಗಳನ್ನು ಸಾಕಿದ ಅಪ್ಪ ಅವನು. ಗಲ್ಫಿಗೆ ಹೋದವರಿಗೆ ಇದು ಹೊಸತಲ್ಲ.

ಹದಿನಾರನೇ ವಯಸ್ಸಿನಲ್ಲಿ ಜುಮಾನಾ ಇಲಿಜ್ವರ ಬಂದು ಐದೇ ದಿನದಲ್ಲಿ ತೀರಿಕೊಂಡಳು. ನೌಷಾದ್ ಬಂದು ಮುಟ್ಟುವಾಗ ದಫನ ಆಗಿ ಎರಡು ದಿನವಾಗಿತ್ತು. ಮತ್ತೆ ಅವನು ಹೋಗಲಿಲ್ಲ. ಕೆಲಸ ಬಿಟ್ಟದ್ದರಿಂದ ಅಲ್ಲಿನ ಸಿಮ್ ರದ್ದಾಯಿತು. ಯಾವುದೋ ದೊಡ್ಡ ಕಂಪನಿಯ ಖಾತೆಯಲ್ಲಿ ಅವನು ಮಗಳ ದನಿಯನ್ನೆಲ್ಲ ಇಟ್ಟಿದ್ದ. ಆ ಖಾತೆ ತೆರೆಯಲು ಒಟಿಪಿ ಬೇಕು, ಒಟಿಪಿ ಬರುವುದು ಸತ್ತ ಸಿಮ್ಮಿಗೆ. ಎಂಟು ತಿಂಗಳು ಬರೆದ. ನೀವೇ ನೀವೆಂದು ಖಚಿತವಾಗುತ್ತಿಲ್ಲ ಎಂಬ ಉತ್ತರವೇ ಪ್ರತಿ ಸಲವೂ ಬಂತು. ಹಳೆಯ ಫೋನಿನಲ್ಲಿ ಉಳಿದಿದ್ದವು ಸಾವಿರದ ನೂರ ನಲವತ್ತು ಮೆಸೇಜುಗಳು. ಉಳಿದ ಬಾಲ್ಯವೆಲ್ಲ ಯಾವುದೋ ದೇಶದ ಯಾವುದೋ ಕಪಾಟಿನಲ್ಲಿ ಬೀಗ ಬಿದ್ದು ಹೋಯಿತು.

ಆಗ ಅವನಿಗೆ ಹಠ ಹುಟ್ಟಿತು. ಇನ್ನು ಒಬ್ಬರ ಕೈಯಲ್ಲಿ, ಒಂದು ಜಾಗದಲ್ಲಿ ಇಡುವುದಿಲ್ಲ. ಓಪನ್ ಸೋರ್ಸ್ ತಂತ್ರಾಂಶವೊಂದನ್ನು ಹುಡುಕಿದ. ಅದರೊಳಗೆ ಏನು ಬರೆದಿದೆ ಎಂದು ಯಾರು ಬೇಕಾದರೂ ಓದಿ ನೋಡಬಹುದು, ನಾಳೆ ಕಂಪನಿ ಬಾಗಿಲು ಹಾಕಿತೆಂಬ ಹೆದರಿಕೆ ಇಲ್ಲ. ಅದು ಒಂದು ಫೈಲಿಗೆ ಮೊದಲು ಬೀಗ ಹಾಕಿ, ಆಮೇಲೆ ಹತ್ತು ಚೂರು ಮಾಡಿ, ಹತ್ತು ಕಂಪ್ಯೂಟರುಗಳಿಗೆ ಹಂಚುತ್ತದೆ. ಹತ್ತರಲ್ಲಿ ಯಾವ ಮೂರು ಸಿಕ್ಕಿದರೂ ಇಡೀ ಫೈಲು ಮತ್ತೆ ಹುಟ್ಟುತ್ತದೆ. ಏಳು ಸುಟ್ಟು ಹೋಗಲಿ, ಚಿಂತೆಯಿಲ್ಲ. ಚೂರು ಇಟ್ಟುಕೊಂಡವನಿಗೆ ಅದು ಬರೀ ಕಸ, ಬೀಗದ ಕೈ ಇರುವವನಿಗೆ ಮಾತ್ರ ದನಿ. ಹೆಣ್ಣುಮಗಳ ದನಿ ಕಂಡವರ ಕಿವಿಗೆ ಬೀಳಬಾರದು ಎಂಬುದು ಅವನಿಗೆ ಮುಖ್ಯವಾಗಿತ್ತು. ನನಗೆ ಇದರ ಗಣಿತ ಹಿಡಿಸಿತು. ಮೂರು ಬಿಂದು ಕೊಟ್ಟರೆ ಅವುಗಳ ಮೂಲಕ ಹೋಗುವ ನೆಟ್ಟಗೆ ನಿಂತ ಪರವಲಯ ಒಂದೇ ಒಂದು, ಎರಡೇ ಬಿಂದು ಕೊಟ್ಟರೆ ಎಷ್ಟು ಬೇಕಾದರೂ ಎಳೆಯಬಹುದು. ಅದೇ ಲೆಕ್ಕ.

ಹಾಗೆ ಹತ್ತು ಮನೆ, ಅಂಗಡಿಗಳಲ್ಲಿ ಹಳೆಯ ಡಿಸ್ಕು ಹಾಕಿದ ಹತ್ತು ಪೆಟ್ಟಿಗೆ ಕೂತವು. ಪಂಜದಲ್ಲಿ ನನ್ನ ಮನೆ, ಸುಳ್ಯದಲ್ಲಿ ಕುಕ್ಕಪ್ಪನ ಝೆರಾಕ್ಸ್ ಅಂಗಡಿ, ಬೆಳ್ಳಾರೆಯಲ್ಲಿ ಒಂದು, ಪುತ್ತೂರಿನಲ್ಲಿ ಮೂರು, ಹೀಗೆ. ನಾವೂ ನಮ್ಮ ನಮ್ಮ ಫೈಲುಗಳನ್ನು ಅದರಲ್ಲಿ ಇಡಬಹುದು ಎಂಬುದು ಒಪ್ಪಂದ. ಮೊದಲ ಏಪ್ರಿಲ್‌ನಲ್ಲಿ ಒಂದೇ ಗುಡುಗಿಗೆ ಎಂಟು ಮನೆಯವರು ಒಟ್ಟಿಗೆ ಪ್ಲಗ್ ಕಿತ್ತರು. ತಂತ್ರಾಂಶ ಬರೆದ ಪುಣ್ಯಾತ್ಮರಿಗೆ ನಮ್ಮ ಹೆಂಗಸರ ವಿಚಾರ ಗೊತ್ತಿರಲಿಲ್ಲ. ನೌಷಾದ್ ಎಲ್ಲರ ಮನೆಗೂ ಬ್ಯಾಟರಿ, ಅರ್ಥಿಂಗ್ ಎಲ್ಲ ಮಾಡಿಸಿ, ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿದ. ನಿಧಾನವಾಗಿ ಹತ್ತೂ ಮನೆಯವರು ಅಭ್ಯಾಸ ಬಿಟ್ಟರು, ನನ್ನ ಹೆಂಡತಿ ಕೂಡ.

ಅವನ ಸ್ವಂತ ಮನೆಯ ಪೆಟ್ಟಿಗೆಯಲ್ಲಿ ಒಂದು ಚೂರೂ ಇರಲಿಲ್ಲ. ಅಲ್ಲಿದ್ದದ್ದು ಬೀಗದ ಕೈ. ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ಅವನು ಅದನ್ನು ತೆರೆದು ಒಂದು ಮೆಸೇಜ್ ಹಾಕುತ್ತಿದ್ದ, ಹೆಂಡತಿ ಸಫಿಯಾ ಕೇಳುತ್ತಿದ್ದಳು. ವಾರಕ್ಕೆ ಒಂದೇ. ಮಗಳು ಹೋದ ಮೊದಲ ವರ್ಷ ಅವಳು ಹಳೆಯ ಫೋನನ್ನು ಕಿವಿಗೆ ಒತ್ತಿಕೊಂಡು ಊಟ ನಿದ್ದೆ ಬಿಟ್ಟು ಕೂತು ಒಣಗಿ ಹೋಗಿದ್ದಳು. ಮೆಸೇಜುಗಳನ್ನು ಪೆಟ್ಟಿಗೆಗಳಿಗೆ ಏರಿಸಿದ ಮೇಲೆ ಕೊನೆಗೆ ಆ ಫೋನೇ ಉಬ್ಬಿ ಕೆಟ್ಟಿತು. ಒಂದು ಪ್ರತಿ ಪೆನ್‌ಡ್ರೈವಿನಲ್ಲಾದರೂ ಇಡು ಮಾರಾಯ ಎಂದು ನಾನು ಬೈದಿದ್ದೆ. ಮನೆಯಲ್ಲಿಟ್ಟರೆ ಅವಳು ಮತ್ತೆ ಹಾಗೇ ಕೂರುತ್ತಾಳೆ ಎಂದ.

ಚೂರುಗಳ ವಿಷಯ ಅವನು ಸಫಿಯಾಳಿಗೆ ಹೇಳಿರಲೇ ಇಲ್ಲ. ಮಗಳ ದನಿಯನ್ನು ತುಂಡು ಮಾಡಿ ಊರ ಮೇಲಿನವರ ಮನೆಯಲ್ಲಿಟ್ಟಿದ್ದೇನೆ ಎಂದು ಯಾವ ಬಾಯಲ್ಲಿ ಹೇಳುವುದು? ದನಿ ಈ ಪೆಟ್ಟಿಗೆಯಲ್ಲೇ ಇದೆ ಎಂದು ಅವಳು ನಂಬಿದ್ದಳು. ಅವನು ನಂಬಲು ಬಿಟ್ಟ.

ಇನ್ನು ನನ್ನ ಪಾಲಿನದ್ದು. ಎರಡನೇ ವರ್ಷ ನನ್ನ ಡಿಸ್ಕು ತುಂಬಿತು. ಯಾರ್‍ಯಾರೋ ಮದುವೆ ವಿಡಿಯೋ ತುಂಬಿಸಿ, ಬೀಗದ ಕೈ ಕಳೆದುಕೊಂಡು ಮರೆತಿದ್ದರು. ಅವರ ಚೂರುಗಳನ್ನು ನಾನು ಹೊರಬೇಕು. ವಾರಸುದಾರರಿಲ್ಲದ ಗಂಟು ಹೊರುವ ಕತ್ತೆ ನಾನಲ್ಲ ಎಂದು ನೌಷಾದನ ಅಂಗಡಿಯಲ್ಲಿ ನಾಲ್ಕು ಜನರೆದುರು ಹಾರಾಡಿದೆ. ಅವನು ಒಂದು ನಿಯಮ ಮಾಡಿದ. ತಂತ್ರಾಂಶದಲ್ಲೇ ಅದಕ್ಕೆ ದಾರಿ ಇತ್ತು. ಲೈಬ್ರರಿ ಪುಸ್ತಕದ ಹಾಗೆ ಪ್ರತಿ ಚೂರಿಗೂ ಮೂವತ್ತೊಂದು ದಿನದ ಅವಧಿ. ಫೈಲಿನ ಒಡೆಯನ ಕಂಪ್ಯೂಟರು ದಿನಾ ತಾನಾಗಿಯೇ ಹತ್ತೂ ಪೆಟ್ಟಿಗೆಗಳಿಗೆ, ಇದು ನನಗೆ ಇನ್ನೂ ಬೇಕು ಎಂದು ಹೇಳುತ್ತಿರುತ್ತದೆ. ಮೂವತ್ತೊಂದು ದಿನ ಯಾರೂ ಹೇಳದಿದ್ದರೆ ಪೆಟ್ಟಿಗೆ ಆ ಚೂರನ್ನು ಗುಡಿಸಿ ಹಾಕುತ್ತದೆ. ಜುಮಾನಾಳ ಪರವಾಗಿ ಹಾಗೆ ಹೇಳುತ್ತಿದ್ದದ್ದು ಕಡಬದ ಮನೆಯ ಪೆಟ್ಟಿಗೆ.

ಕಳೆದ ವರ್ಷ ಏಪ್ರಿಲ್ ಹದಿನಾಲ್ಕರಂದು ಕೋಡಿಂಬಾಳದ ತಿರುವಿನಲ್ಲಿ ಪಿಕಪ್ ಒಂದು ನೌಷಾದನ ಸ್ಕೂಟರಿಗೆ ಗುದ್ದಿತು. ತೊಡೆಯ ಎಲುಬು ಎರಡು ತುಂಡು. ಪುತ್ತೂರಿನಲ್ಲಿ ಆಪರೇಷನ್, ಆಮೇಲೆ ಅಲ್ಲೇ ತಂಗಿ ಲೈಲಾಳ ಮನೆಯಲ್ಲಿ ವಿಶ್ರಾಂತಿ. ಸಫಿಯಾ ಜೊತೆಗೇ ಇದ್ದಳು. ಕಡಬದ ಮನೆಗೆ ಬೀಗ. ನಾನು ನಾಲ್ಕು ಸಲ ಹೋಗಿ ನೋಡಿದೆ, ಕಾಲಿನ ವಿಷಯ ಮಾತಾಡಿದೆವು, ರಾಜಕೀಯ ಮಾತಾಡಿದೆವು. ಪೆಟ್ಟಿಗೆಯ ನೆನಪು ನಮ್ಮಿಬ್ಬರಿಗೂ ಬರಲಿಲ್ಲ. ಬಂದರೂ ಏನೆಂದು ಬರಬೇಕು, ಅದು ತನ್ನಷ್ಟಕ್ಕೆ ನಡೆಯುವ ಯಂತ್ರ.

ಮೇ ಮೂವತ್ತು, ಶುಕ್ರವಾರ, ಅವರು ಮನೆಗೆ ಮರಳಿದರು. ನೇಂದ್ರ ಬಾಳೆಹಣ್ಣು ಹಿಡಿದುಕೊಂಡು ನಾನೂ ಹೋಗಿದ್ದೆ. ನೌಷಾದ್ ಊರುಗೋಲು ಬದಿಗಿಟ್ಟು ಕುರ್ಚಿಯಲ್ಲಿ ಕೂತಿದ್ದ. ಸಫಿಯಾ ಒಳಗೆ ಹೋಗಿ ಕಬ್ಬಿಣದ ಕಪಾಟು ತೆಗೆದ ಸದ್ದಾಯಿತು. ಬರುವಾಗ ಅವಳ ಎರಡೂ ಕೈಯಲ್ಲಿ ಒಂದು ಗಂಟು. ಹಳದಿ ಶಾಲು, ಮಗಳದ್ದು. ಮೇಜಿನ ಮೇಲಿಟ್ಟು ಒಂದೊಂದೇ ಮಡಿಕೆ ಬಿಡಿಸಿದಳು. ಒಳಗೆ ಪೆಟ್ಟಿಗೆ, ಅದರ ವಯರು ನೀಟಾಗಿ ಸುತ್ತಿಟ್ಟಿತ್ತು.

"ಎದುರಿನ ಮನೆ ತೆಂಗಿಗೆ ಸಿಡಿಲು ಬಿದ್ದಿತ್ತಂತೆ ಮಾಷ್ಟ್ರೆ," ಎಂದಳು. "ಸುತ್ತಿನವರ ಮೀಟ್ರು, ಟಿವಿ ಎಲ್ಲ ಹೋಗಿದೆ. ನಮ್ಮ ಮಗುವಿಗೆ ಎಂತದೂ ಆಗ್ಲಿಲ್ಲ."

ನಾಲ್ಕು ವರ್ಷದಲ್ಲಿ ಅವಳ ಮುಖದಲ್ಲಿ ಹಾಗೊಂದು ನಗು ನಾನು ಕಂಡಿರಲಿಲ್ಲ. ಅಪಘಾತದ ಸುದ್ದಿ ಬಂದ ದಿನ, ಆ ಗಡಿಬಿಡಿಯಲ್ಲೂ, ಹೊರಡುವ ಮೊದಲು ಎಲ್ಲ ಪ್ಲಗ್ ಕಿತ್ತು, ಇದೊಂದನ್ನು ಶಾಲಿನಲ್ಲಿ ಸುತ್ತಿ, ಕಪಾಟಿಗೆ ಬೀಗ ಹಾಕಿ, ಕೀಲಿಯನ್ನು ನಲವತ್ತಾರು ದಿನ ಸೊಂಟದಲ್ಲಿಟ್ಟುಕೊಂಡೇ ಓಡಾಡಿದ್ದಳಂತೆ.

ನಲವತ್ತಾರರಲ್ಲಿ ಮೂವತ್ತೊಂದು ಕಳೆದರೆ ಎಷ್ಟೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನೌಷಾದ್ ಆ ಶಾಲನ್ನೇ ನೋಡುತ್ತಿದ್ದ. ಪ್ಲಗ್ ಹಾಕಿ ತೆರೆದ. ಬೇಕಾದ ಚೂರು ಮೂರು, ಸಿಕ್ಕಿದ್ದು ಸೊನ್ನೆ ಎಂದು ಪರದೆಯಲ್ಲಿ ಬಂತು. ಸಫಿಯಾ ಎಂದಿನಂತೆ ಅವನ ಪಕ್ಕ ನೆಲದಲ್ಲಿ ಕೂತು ಕಾಯುತ್ತಿದ್ದಳು. ನೆಟ್ ಇಲ್ಲ, ನಾಳೆ ಕೇಳುವ ಎಂದು ಅವನು ಹೇಳಿದ. ನಾನು ಹಣ್ಣು ಇಟ್ಟು ಎದ್ದುಬಂದೆ.

ಮನೆಗೆ ಬಂದು ನನ್ನ ಪೆಟ್ಟಿಗೆಯ ದಾಖಲೆ ನೋಡಿದೆ. ಮೇ ಹದಿನೈದರಂದು, ಅವಧಿ ಮುಗಿದಿದೆ, ತೆಗೆದು ಹಾಕಲಾಗಿದೆ ಎಂಬ ಸಾಲು, ಒಂದರ ಕೆಳಗೊಂದು, ಸಾವಿರದ ನೂರ ನಲವತ್ತು ಸಲ. ಕುಕ್ಕಪ್ಪನಿಗೆ ಫೋನು ಮಾಡಿದೆ, ಅಲ್ಲೂ ಅದೇ. ಆ ತಿಂಗಳು ಹತ್ತು ಮನೆಯಲ್ಲಿ ಒಬ್ಬರೂ ಪ್ಲಗ್ ಕಿತ್ತಿರಲಿಲ್ಲ. ಹತ್ತು ಪೆಟ್ಟಿಗೆಗಳೂ ಒಂದು ಕ್ಷಣ ನಿಲ್ಲದೆ ಹೇಳಿದ ಕೆಲಸ ಮಾಡಿದ್ದವು.

ಅಳಿಸಿದ್ದನ್ನು ಡಿಸ್ಕಿನಿಂದ ಹೆಕ್ಕಿ ಕೊಡುವವನೊಬ್ಬ ಪುತ್ತೂರಿನಲ್ಲಿದ್ದಾನೆ. ಹತ್ತೂ ಡಿಸ್ಕು ಕಟ್ಟಿಕೊಂಡು ಹೋದೆವು. ಹದಿನೈದು ದಿನ ಹುಡುಕಿದ. ಏಳು ಡಿಸ್ಕುಗಳಲ್ಲಿ ದಿನವೂ ಬೇರೆಯವರ ಫೈಲು ಬಂದು ಕೂರುತ್ತಿದ್ದರಿಂದ ಅಲ್ಲಿ ಏನೂ ಉಳಿದಿರಲಿಲ್ಲ. ಕುಕ್ಕಪ್ಪನದ್ದರಲ್ಲಿ ಮತ್ತು ಬೆಳ್ಳಾರೆಯದ್ದರಲ್ಲಿ ಹೆಚ್ಚುಕಮ್ಮಿ ಎಲ್ಲ ಚೂರುಗಳೂ ಸಿಕ್ಕವು. ಇನ್ನೊಂದು ಸಿಕ್ಕಿದರೆ ಸಾಕಿತ್ತು. ಉಳಿದದ್ದು ನನ್ನದು. ಮೇ ಹದಿನೇಳರಿಂದ ನಾನು ನಮ್ಮ ಅಪ್ಪನ ತಾಳಮದ್ದಳೆಯ ಅರವತ್ತೆರಡು ಕ್ಯಾಸೆಟ್ಟುಗಳನ್ನು ಪೆಟ್ಟಿಗೆಯ ಅದೇ ಡಿಸ್ಕಿಗೆ ಏರಿಸುತ್ತಿದ್ದೆ. ಡಿಸ್ಕಿನಲ್ಲಿ ಈಗ ಎಷ್ಟು ಜಾಗ ಉಂಟು ನೋಡಿ ಎಂದು ಹೆಂಡತಿಗೆ ಕೊಚ್ಚಿಕೊಂಡಿದ್ದೆ ಬೇರೆ. ಇದರಲ್ಲೂ ಇತ್ತು, ಆದರೆ ಮೇಲಿನಿಂದ ಹೊಸತು ಬರೆದಾಗಿದೆ ಎಂದ ಆ ಮನುಷ್ಯ. ಸತ್ತು ಇಪ್ಪತ್ತು ವರ್ಷವಾದ ನಮ್ಮಪ್ಪನ ಮೇಲೆ ನನಗೆ ಆವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆ ಕ್ಯಾಸೆಟ್ಟುಗಳನ್ನು ಮತ್ತೆ ಕೇಳಲು ನನ್ನಿಂದ ಆಗಿಲ್ಲ.

ಬರುವಾಗ ಕಾರಿನಲ್ಲಿ ನೌಷಾದ್ ಡಿಸ್ಕುಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ನನ್ನನ್ನು ಬೈಯಲಿ ಎಂದು ಕಾದೆ. ಬೈಯಲಿಲ್ಲ. ಸಫಿಯಾಳಿಗೆ ಏನು ಹೇಳುತ್ತಿ ಎಂದು ಕೇಳಿದೆ.

"ನಾನು ತಪ್ಪಿ ಅಳಿಸಿದೆ ಅಂತ ಹೇಳುದು," ಎಂದ.

ಅದು ಸುಳ್ಳಲ್ಲವಾ ಎಂದೆ.

"ಅವಳು ಮಗುವಿನ ಶಾಲು ಸುತ್ತಿ ತೆಗೆದಿಟ್ಟದ್ದು ಮಾಷ್ಟ್ರೆ. ಅದರಿಂದಲೇ ಹೋಯ್ತು ಅಂತ ಗೊತ್ತಾದ್ರೆ ಅವಳು ಬದುಕುದಿಲ್ಲ. ನಾನಾದರೆ ಹೇಗೂ ಬದುಕ್ತೇನೆ."

ಹಾಗೆಯೇ ಹೇಳಿದ. ಅವಳು ಕಿರುಚಲಿಲ್ಲವಂತೆ, ಅಳಲೂ ಇಲ್ಲವಂತೆ. ಮೂರನೇ ದಿನ ಇಚಿಲಂಪಾಡಿಯ ಅಣ್ಣನ ಮನೆಗೆ ಹೋದವಳು ತಿರುಗಿ ಬರಲಿಲ್ಲ. ನೌಷಾದ್ ಎರಡು ಸಲ ಕರೆಯಲು ಹೋಗಿ ಜಗಲಿಯಿಂದಲೇ ಹಿಂದೆ ಬಂದ. ಅಂಗಡಿ ತೆರೆಯುತ್ತಾನೆ, ಗಿರಾಕಿ ಬಂದರೆ ತಲೆ ಎತ್ತುವುದಿಲ್ಲ. ಮೂರು ಸಲ ಕರೆದರೆ ಒಂದು ಸಲ ಓಗೊಡುತ್ತಾನೆ.

ಕಳೆದ ತಿಂಗಳು ನಾನೇ ಇಚಿಲಂಪಾಡಿಗೆ ಹೋದೆ. ನಿಜ ಹೇಳಿಬಿಡುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಎಲ್ಲ ಹೇಳಿದರೆ ಅವಳು ಅವನನ್ನು ಕ್ಷಮಿಸುತ್ತಾಳೆ, ನನ್ನನ್ನು ಬೈದರೂ ಸರಿ. ಸಫಿಯಾ ಅರ್ಧ ಆಗಿದ್ದಳು. ಚಹಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ನಾನು ಬಾಯಿ ತೆರೆಯುವ ಮೊದಲು ಅವಳೇ ಕೇಳಿದಳು.

"ಮಾಷ್ಟ್ರೆ, ನಿಮಗೆ ಅದರ ವಿಷಯ ಗೊತ್ತುಂಟಲ್ಲ. ನಾನು ಅವತ್ತು ಪ್ಲಗ್ ತೆಗೆದು ಒಳಗೆ ಇಟ್ಟದ್ದರಿಂದ ಎಂತಾದ್ರೂ ಆಯ್ತಾ? ನನಗೆ ಅದೊಂದೇ ತಲೆಯಲ್ಲಿ. ನನ್ನಿಂದ ಹೋಯ್ತಾ ಅದು?"

ಬಾಗಿಲ ಚೌಕಟ್ಟನ್ನು ಹಿಡಿದಿದ್ದ ಅವಳ ಬೆರಳುಗಳು ಬಿಳಿಚಿದ್ದವು.

"ಇಲ್ಲಮ್ಮ," ಎಂದೆ. "ನಿಮ್ಮಿಂದ ಎಂತದೂ ಆಗ್ಲಿಲ್ಲ. ಅವನೇ ಅಳಿಸಿದ್ದು."

ಅವಳು ದೊಡ್ಡದೊಂದು ಉಸಿರು ಬಿಟ್ಟಳು. ಕೈ ಸಡಿಲವಾಯಿತು.

"ಹಾಗಾದ್ರೆ ಅವರಿಗೆ ಹೇಳಿಬಿಡಿ," ಎಂದಳು. "ಇನ್ನು ಕರೆಯಲು ಬರುದು ಬೇಡ. ನಾನು ಆ ಮನೆಗೆ ಬರುದಿಲ್ಲ."

ನಾನು ಚಹಾ ಕುಡಿದು ಮುಗಿಸಿ, ಬಸ್ಸು ಹಿಡಿದು ಕಡಬಕ್ಕೆ ಬಂದು, ಅಂಗಡಿಯಲ್ಲಿ ಕೂತಿದ್ದ ನೌಷಾದನಿಗೆ ಅವಳು ಹೇಳಿದ್ದನ್ನು ಹಾಗೇ ಹೇಳಿದೆ.