ಎರಡು ಕಂಪ್ಯೂಟರ್‌ಗಳ ರಶ್

1989ರ ಬೇಸಿಗೆಯ ಒಂದು ಸೋಮವಾರ, ರಾಜಾಜಿನಗರದ ನಮ್ಮ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಸುತ್ತೋಲೆಯೊಂದು ಕಾಣಿಸಿಕೊಂಡಿತು. ರೇಡಿಯೊ ಲಿಂಕ್‌ನಲ್ಲಿ ದಟ್ಟಣೆ ಹೆಚ್ಚಿರುವುದರಿಂದ ಬಳಕೆದಾರರು ರಿಜಿಸ್ಟರಿನಲ್ಲಿ ಸಹಿ ಮಾಡಿ ಸರದಿಗೆ ಕಾಯಬೇಕು ಎಂದು ಅದರಲ್ಲಿತ್ತು.

ಆ ಲಿಂಕ್‌ನಲ್ಲಿ ಇದ್ದದ್ದು ಎರಡು ಕಂಪ್ಯೂಟರ್. ಒಂದು ನಮ್ಮಲ್ಲಿ, ಇನ್ನೊಂದು ಕೆಂಗೇರಿ ಉಪನಗರದ ಶಾಖೆಯಲ್ಲಿ. ಎರಡೂ ಕಡೆ ಒಂದೊಂದು ರೇಡಿಯೊ ಪೆಟ್ಟಿಗೆ, ತಾರಸಿಯ ಮೇಲೆ ಆಂಟೆನಾ, ನಡುವೆ ಗಾಳಿ. ಬಳಕೆದಾರರೆಂದರೆ ನನ್ನ ಸಹೋದ್ಯೋಗಿ, ಎಂಜಿನಿಯರ್ ಮೇಡಂ ಒಬ್ಬರೇ. ಎಷ್ಟು ಗಂಟೆಗೆ ಏನಾಯಿತೆಂದು ಬರೆದಿಡುವುದು ನನ್ನ ಕೆಲಸ. ಅವರು ಸಹಿ ಮಾಡಿದರು, ನಾನು ಸಾಕ್ಷಿಯಾಗಿ ಸಹಿ ಹಾಕಿದೆ. ಸರದಿ ಕೂಡಲೇ ಬಂತು.

ದಟ್ಟಣೆಯ ಸುದ್ದಿ ಕೊಟ್ಟದ್ದು ಕಂಪ್ಯೂಟರೇ. ಟಿಸಿಪಿ ಎಂಬ ನಿಯಮಾವಳಿಯ ಪ್ರಕಾರ ಅದು ಬರಹವನ್ನು ತುಂಡು ತುಂಡಾಗಿ ಕಳಿಸುತ್ತಿತ್ತು. ಆ ಕಡೆಯಿಂದ ‘ತಲುಪಿತು’ ಎಂಬ ಉತ್ತರ ಬಾರದಿದ್ದರೆ, ದಾರಿಯಲ್ಲಿ ರಶ್ ಇದೆ ಎಂದು ತೀರ್ಮಾನಿಸಿ ಎರಡು ಸೆಕೆಂಡ್ ಬಿಟ್ಟು ಮತ್ತೆ ಕಳಿಸುತ್ತಿತ್ತು. ಆಗಲೂ ಉತ್ತರವಿಲ್ಲದಿದ್ದರೆ ನಾಲ್ಕು, ಎಂಟು, ಹದಿನಾರು. ನೂರಾರು ಕಂಪ್ಯೂಟರ್‌ಗಳು ಒಂದೇ ತಂತಿ ಹಂಚಿಕೊಂಡ ಕಡೆ ಇದು ಸಭ್ಯ ನಡತೆ. ಗಾಳಿಯಲ್ಲಿ ಉತ್ತರ ಸುಮ್ಮನೆ ಕಳೆದುಹೋಗಬಹುದೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಸಾರ್, ಇರೋದೇ ಎರಡು ಕಂಪ್ಯೂಟರ್. ರಶ್ ಎಲ್ಲಿಂದ ಬರತ್ತೆ?” ಎಂದು ಮೇಡಂ, ಸುತ್ತೋಲೆ ಹೊರಡಿಸಿದ್ದ ಕಚೇರಿ ಮುಖ್ಯಸ್ಥರನ್ನು ಕೇಳಿದರು.

“ಮಷೀನೇ ರಶ್ ಅಂತಿದೆಯಲ್ಲಮ್ಮ. ನಿಮಗಿಂತ ಅದಕ್ಕೆ ಗೊತ್ತಿರತ್ತೆ.”

ಮುಖ್ಯಸ್ಥರು ಅಲ್ಲಿಗೇ ನಿಲ್ಲಲಿಲ್ಲ. ಕಂಪ್ಯೂಟರ್ ಹೆಚ್ಚೆಂದರೆ ಒಂದು ನಿಮಿಷ ಕಾಯುತ್ತಿತ್ತು. ಸಂಯಮ ಸಾಲದೆಂದು ಆ ಮಿತಿಯನ್ನು ಹದಿನೈದು ನಿಮಿಷಕ್ಕೆ ಏರಿಸಿದರು.

ನನ್ನ ನೋಟ್‌ಬುಕ್ ಬೇರೆಯದೇ ಹೇಳುತ್ತಿತ್ತು. ಬೆಳಿಗ್ಗೆ ಒಂಬತ್ತರವರೆಗೆ ಎಲ್ಲ ಸುಸೂತ್ರ. ಒಂಬತ್ತಕ್ಕೆ ಹಿಂದಿನ ರಸ್ತೆಯ ಗ್ರಿಲ್ ಅಂಗಡಿ ತೆರೆಯುತ್ತಿತ್ತು. ಅಲ್ಲಿ ವೆಲ್ಡಿಂಗ್ ಕಿಡಿ ಹಾರಿದರೆ ಇಲ್ಲಿ ಕೆಂಗೇರಿಯ ಉತ್ತರ ಗದ್ದಲದಲ್ಲಿ ಮುಳುಗುತ್ತಿತ್ತು. ತೋರಿಸಿದಾಗ ಮುಖ್ಯಸ್ಥರು, “ರಿಜಿಸ್ಟರ್‌ಗೆ ಸಹಿ ಮಾಡಿದೀರಾ?” ಎಂದಷ್ಟೇ ಕೇಳಿದರು.

ಶುಕ್ರವಾರ ತಪಾಸಣಾ ಸಮಿತಿ ಬರುವುದಿತ್ತು. ಮೂವತ್ತು ಪುಟಗಳ ವರದಿ ಅವರ ಕಣ್ಣೆದುರು ಕೆಂಗೇರಿ ಮುಟ್ಟದಿದ್ದರೆ ರೇಡಿಯೊ ಪೆಟ್ಟಿಗೆ ಸ್ಟೋರ್ ರೂಮಿಗೆ. ಎರಡು ವರ್ಷ ಅದಕ್ಕೇ ದುಡಿದ ಮೇಡಂ ಟೆಂಡರ್ ವಿಭಾಗಕ್ಕೆ. ತಪಾಸಣೆಯ ವೇಳೆ ಯಾರೂ ಕೀಬೋರ್ಡ್ ಮುಟ್ಟಬಾರದೆಂದು ಮುಖ್ಯಸ್ಥರ ಆದೇಶವೂ ಆಯಿತು.

ಶುಕ್ರವಾರ ಹತ್ತು ಗಂಟೆಗೆ ವರದಿ ಹೊರಟಿತು. ನಾಲ್ಕನೇ ಪುಟದಲ್ಲಿ ನಿಂತಿತು. ಕಾಫಿ ಬಂತು.

“ಏನ್ರೀ ಮಾಡ್ತಿದೆ ಅದು?” ಎಂದರು ಸಮಿತಿಯ ಹಿರಿಯರು.

“ಸರದಿಗೆ ಕಾಯ್ತಿದೆ ಸಾರ್,” ಎಂದರು ಮುಖ್ಯಸ್ಥರು.

“ಮುಂದೆ ಎಷ್ಟು ಜನ ಇದಾರೆ?”

“ವಿಚಾರಿಸಿ ಹೇಳ್ತೀನಿ ಸಾರ್.”

ಮೇಡಂ ಹಿಂಬಾಗಿಲಿನಿಂದ ಗ್ರಿಲ್ ಅಂಗಡಿಗೆ ಹೋದರು. ನಾನೂ ನೋಟ್‌ಬುಕ್ ಹಿಡಿದು ಹೋದೆ.

“ಅಣ್ಣ, ಸ್ವಲ್ಪ ಹೊತ್ತು ನಿಲ್ಸಿ. ನಿಮ್ ಕಿಡಿಯಿಂದ ನಮ್ ಕಂಪ್ಯೂಟರ್ ನಿಂತಿದೆ.”

ವೆಲ್ಡರ್ ಮುಖಕ್ಕೆ ಹಿಡಿದ ಕವಚ ಇಳಿಸಿದರು. “ನಮ್ ಕಿಡಿ ದೃಷ್ಟಿ ತಾಗ್ತಾ ಅಕ್ಕ? ಈ ಗೇಟ್ ನಾಳೆ ಗೃಹಪ್ರವೇಶಕ್ಕೆ ಕೊಡ್ಬೇಕು. ಟೀ ಕುಡಿದು ಬರ್ತೀನಿ, ಹತ್ತೇ ನಿಮಿಷ.”

ನಾವು ಮರಳಿದಾಗ ಗಾಳಿ ಶುದ್ಧವಾಗಿತ್ತು. ಕಂಪ್ಯೂಟರ್ ಮಾತ್ರ ಕದಲಲಿಲ್ಲ. ಕಾಯುವ ಅವಧಿ ದುಪ್ಪಟ್ಟಾಗುತ್ತ ಎಂಟು ನಿಮಿಷ ದಾಟಿತ್ತು. ಮುಖ್ಯಸ್ಥರು ಕಲಿಸಿದ ಸಂಯಮವನ್ನು ಅದು ಅಕ್ಷರಶಃ ಪಾಲಿಸುತ್ತಿತ್ತು. ವೆಲ್ಡರ್ ಟೀ ಮುಗಿಸುವ ಹೊತ್ತಿಗೆ ಅದರ ಸರದಿ ಬರುವುದಿತ್ತು.

ಮೇಡಂ ಸಮಿತಿಯ ನಡುವೆ ಕೈ ಚಾಚಿ ಕೀಬೋರ್ಡ್ ಒತ್ತಿದರು. ಸಂಪರ್ಕ ಕಡಿದು, ಮೊದಲ ಪುಟದಿಂದ ಮತ್ತೆ ಕಳಿಸಿದರು. ಹೊಸ ಸಂಪರ್ಕಕ್ಕೆ ಹಳೆಯ ಕಾಯುವ ಲೆಕ್ಕ ಅನ್ವಯಿಸುತ್ತಿರಲಿಲ್ಲ.

“ಮುಟ್ಬೇಡಿ ಅಂತ ಬರೆದು ಕೊಟ್ಟಿದ್ದೆನಲ್ಲಮ್ಮ,” ಎಂದರು ಮುಖ್ಯಸ್ಥರು.

“ಮುಟ್ಟಾಯ್ತು ಸಾರ್.”

ಆರನೇ ನಿಮಿಷಕ್ಕೆ ಕೆಂಗೇರಿಯಿಂದ ಫೋನ್ ಬಂತು: ಮೂವತ್ತೂ ಪುಟ ಬಂದಿವೆ. ಸ್ವಲ್ಪ ಹೊತ್ತಿಗೆ ಹಿಂದಿನ ರಸ್ತೆಯಲ್ಲಿ ಮತ್ತೆ ಕಿಡಿ ಹಾರಿತು.

ಸಮಿತಿ ಹೀಗೆ ಬರೆಯಿತು: ಸುತ್ತೋಲೆ ಜಾರಿಯಾದ ಮೇಲೆ ದಟ್ಟಣೆ ಹತೋಟಿಗೆ ಬಂದಿದೆ, ಲಿಂಕ್ ಮುಂದುವರಿಯಲಿ. ಕೀಬೋರ್ಡ್ ಮುಟ್ಟಿದ್ದಕ್ಕೆ ಮೇಡಂಗೆ ವಿವರಣೆ ಕೇಳಿ ಮೆಮೊ ಬಂತು. ಅವರು ಉತ್ತರ ಕೊಟ್ಟರು, ಲಿಂಕ್‌ನಲ್ಲೇ ಉಳಿದರು. ಮುಂದಿನ ತಿಂಗಳು, ಕಳೆದುಹೋದ ತುಂಡುಗಳನ್ನು ರೇಡಿಯೊ ಪೆಟ್ಟಿಗೆಗಳೇ ತಕ್ಷಣ ಮತ್ತೆ ಕಳಿಸುವ ಸಣ್ಣ ಪ್ರೋಗ್ರಾಂ ಬರೆದು ಎರಡೂ ಕಡೆ ಹಾಕಿದರು. ಟಿಸಿಪಿಗೆ ಅದರ ಸುದ್ದಿ ಹೋಗುತ್ತಿರಲಿಲ್ಲ, ಮುಖ್ಯಸ್ಥರಿಗೂ.

ಆ ವರ್ಷದ ಡಿಸೆಂಬರ್‌ನಲ್ಲಿ ರಿಜಿಸ್ಟರ್ ತುಂಬಿತು. ಅದರಲ್ಲಿ ಇದ್ದದ್ದು ಇಬ್ಬರ ಸಹಿ. ಹೊಸ ವರ್ಷಕ್ಕೆ ಇನ್ನೊಂದು ರಿಜಿಸ್ಟರ್ ಬಂತು.