ಶಿವದಾರ ಇಲ್ಲದ ಕೊರಳು

ಆ ಎಪಿಸೋಡು ಟಿವಿಯಲ್ಲಿ ಬಂತೆಂದರೆ ನಾನು ಚಾನೆಲ್ ಬದಲಿಸಿಬಿಡುತ್ತೇನೆ. ಮಕ್ಕಳು ರಿಮೋಟಿಗೆ ಕಿತ್ತಾಡುತ್ತಾರೆ, ‘ಮಸ್ತ್ ಐತಿ ಅವ್ವಾ, ನೋಡೂಣು’ ಎನ್ನುತ್ತಾರೆ. ಸುಡುಗಾಡು ಮಸ್ತ್. ನನ್ನ ಬಾಳನ್ನು ತಿಂದು ನೀರು ಕುಡಿದ ಎಪಿಸೋಡು ಅದು, ಮಕ್ಕಳಿಗೆ ಹೇಗೆ ಹೇಳಲಿ?

ನನ್ನ ತವರು ಇಳಕಲ್ಲು. ಅಪ್ಪನದು ಪೇಟೆಯಲ್ಲಿ ಸೀರೆ ಅಂಗಡಿ. ಗಿರಾಕಿ ಮೆಟ್ಟಿಲ ಬಳಿ ಚಪ್ಪಲಿ ಬಿಡುವಾಗಲೇ ‘ಇವ್ರು ತಗೊಳ್ಳೋರಲ್ಲ, ಬರೇ ಬಿಚ್ಚಿಸಿ ನೋಡಿ ಹೋಗೋರು’ ಎಂದು ಹೇಳಿಬಿಡುತ್ತಿದ್ದ. ಹಾಗೇ ಆಗುತ್ತಿತ್ತು ಕೂಡ. ಅಂಥವನಿಗೆ ಆ ಪತ್ತೇದಾರಿ ಧಾರಾವಾಹಿಯ ಹುಚ್ಚು ಹತ್ತಿದ್ದು, ಮೊದಲೇ ಕುಣಿಯುವವನ ಕಾಲಿಗೆ ಗೆಜ್ಜೆ ಕಟ್ಟಿದ ಹಾಗಾಯಿತು. ರೊಟ್ಟಿಯ ತಟ್ಟೆ ಹಿಡಿದು ಇಬ್ಬರೂ ಟಿವಿ ಮುಂದೆ ಕೂಡುತ್ತಿದ್ದೆವು. ಖೂನಿ ಮಾಡಿದ್ದು ಯಾರೆಂದು ನಮ್ಮಲ್ಲೇ ಪಂಥ. ಅವ್ವ ಒಳಗಿನಿಂದಲೇ ಬೈಯುತ್ತಿದ್ದಳು: ‘ಅಪ್ಪಗ ಮಗಳಿಗೆ ಬ್ಯಾರೆ ಕೆಲಸಿಲ್ಲ. ಹೆಣದ ಮುಂದ ಕುಂತು ಉಣ್ತಾರ.’

ಅವತ್ತಿನ ಕತೆಯಲ್ಲಿ ಒಬ್ಬ ಶ್ರೀಮಂತ ಮುದುಕನ ಖೂನಿ. ಮನೆಮಂದಿಯೆಲ್ಲ ಆಳಿನ ಮೇಲೆ ಬೆರಳು ತೋರಿಸುತ್ತಾರೆ. ತನಿಖೆಗೆ ಬಂದ ಸಾಹೇಬ ಮಾತ್ರ ಗೋಡೆ ನೋಡುತ್ತ ನಿಲ್ಲುತ್ತಾನೆ. ಸಾಲಾಗಿ ಫೋಟೊಗಳು, ಒಂದು ಕಡೆ ಬಣ್ಣ ಮಾಸದ ಬರಿ ಚೌಕ. ಅಲ್ಲಿದ್ದ ಫೋಟೊ ತೆಗೆದವರು ಯಾರು, ಯಾಕೆ? ಅದೇ ಎಳೆ ಹಿಡಿದು ಹೋಗಿ ಮನೆಯ ಅಳಿಯನನ್ನು ಹಿಡಿಯುತ್ತಾನೆ. ಅಪ್ಪ ತೊಡೆ ತಟ್ಟಿದ. ‘ನೋಡಿದೇನವಾ? ಇದ್ದದ್ದ ಎಲ್ಲಾರೂ ನೋಡ್ತಾರ. ಇಲ್ಲದ್ದನ್ನ ನೋಡಾಂವ ಶ್ಯಾಣ್ಯಾ!’

ಮರುದಿನ ನನ್ನನ್ನು ನೋಡಲು ಕೆರೂರಿನಿಂದ ಬಂದರು. ಹುಡುಗನಿಗೆ ದನದ ದವಾಖಾನೆಯಲ್ಲಿ ನೌಕರಿ. ಅವನ ತಂದೆ ತೀರಿ ಕೆಲವು ತಿಂಗಳಾಗಿತ್ತು. ವರ್ಷದೊಳಗೆ ಮನೆಯಲ್ಲೊಂದು ಮದುವೆಯಾಗಲಿ ಎಂದು ತಾಯಿಯ ಅವಸರ. ನಾನು ಚೂಡಾ, ಚಹಾ ಕೊಟ್ಟು ಕುಳಿತೆ. ಹಾಡು ಬರುತ್ತದೆಯೇ, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಹಿರಿಯರು ಶುರು ಮಾಡುವುದರೊಳಗೆ ಅವನೇ ನನ್ನ ಕಡೆ ತಿರುಗಿ, ‘ನೀವ ಏನರೆ ಕೇಳೂದಿದ್ರ ಕೇಳ್ರಿ’ ಅಂದ. ಮೊದಲು ನೋಡಲು ಬಂದವರು ಯಾರೂ ಹಾಗೆ ಅಂದಿರಲಿಲ್ಲ.

‘ನಿಮ್ಮ ದವಾಖಾನಿಗೆ ಏನೇನ ಬರ್ತಾವ್ರಿ?’ ಅಂದೆ.

‘ಆಕಳ, ಎಮ್ಮಿ, ಆಡು. ಒಮ್ಮೆ ಒಂದ ಗಿಣಿ ಬಂದಿತ್ರಿ. ಸೂಜಿ ಮಾಡಿದ್ದಕ್ಕ ನನ್ನ ಬಾಯಿಗೆ ಬಂದಂಗ ಬೈದು ಹೋತು.’

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಹೆಣ್ಣು ನೋಡುವ ಹೊತ್ತಿನಲ್ಲಿ ಹಾಗೆ ನಗಬಾರದು. ಸಂಬಂಧ ತಂದಿದ್ದ ನನ್ನ ಸೋದರತ್ತೆ ಕಣ್ಣು ಬಿಟ್ಟಳು. ಬಿಡಲಿ ಅನ್ನಿಸಿತು. ಇವನ ಜೊತೆ ಬಾಳುವೆ ಮಾಡಬಹುದು ಎಂದು ನಾನು ಆಗಲೇ ಮನಸ್ಸು ಮಾಡಿಯಾಗಿತ್ತು.

ಅವರು ಹೋದ ಮೇಲೆ ಅಪ್ಪ ‘ಬ್ಯಾಡ’ ಅಂದ.

ಹೊರಡುವಾಗ ಹುಡುಗ ಹಿರಿಯರಿಗೆ ನಮಸ್ಕರಿಸಲು ಬಾಗಿದ್ದ. ಅಂಗಿಯ ಕಾಲರು ಸರಿದಿತ್ತು. ಕೊರಳಲ್ಲಿ ಶಿವದಾರ ಇರಲಿಲ್ಲ. ನಮ್ಮವರು ಲಿಂಗವನ್ನು ಆ ದಾರದಲ್ಲಿ ಕಟ್ಟಿಕೊಳ್ಳುತ್ತಾರೆ, ಹೆಣವಾದರೂ ಬಿಡುವುದಿಲ್ಲ. ಅಂಗೈಯಲ್ಲಿ ಲಿಂಗವಿಟ್ಟೇ ಮಣ್ಣು ಮಾಡುತ್ತಾರೆ. ಬದುಕಿದ್ದಾಗ ಬಿಚ್ಚಿಟ್ಟವನೆಂದರೆ ಕುಡಿಯಲು, ಮಾಂಸ ತಿನ್ನಲು ಬಿಚ್ಚಿಟ್ಟವನೆಂದೇ ಹಿರಿಯರ ತೀರ್ಮಾನ.

‘ಕೊರಳಾಗ ಲಿಂಗಿಲ್ಲ, ಹಣಿಮ್ಯಾಲೆ ಮಾತ್ರ ಹೊಸಾ ವಿಭೂತಿ. ಬಸ್‌ಸ್ಟ್ಯಾಂಡಿನ್ಯಾಗ ಹಚ್ಚಿಕೊಂಡು ಬಂದಾನ’ ಎಂದ ಅಪ್ಪ.

‘ಒಂದ ಮಾತ ಕೇಳಿ ನೋಡೂಣಲ್ಲ?’ ಅಂದಳು ಅವ್ವ.

‘ಕೇಳಿದ್ರ ಖರೆ ಹೇಳ್ತಾನೇನ, ಹುಚ್ಚಿ?’

ನನಗೆ ಆ ಹುಡುಗ ಬೇಕಾಗಿದ್ದ. ಆದರೂ ಎಂಥ ಕಣ್ಣು ನಮ್ಮಪ್ಪನದು ಎಂದು ಒಳಗೊಳಗೇ ಅಭಿಮಾನ. ಆ ಅಭಿಮಾನಕ್ಕಿಷ್ಟು ಬೆಂಕಿ ಹತ್ತಲಿ.

ನಮ್ಮ ಕಡೆ ಸಂಬಂಧ ಬೇಡವಾದರೆ ನಿಜವಾದ ಕಾರಣ ಹೇಳುವ ಪದ್ಧತಿಯಿಲ್ಲ. ‘ಹೆಸರಬಲ ಕೂಡಲಿಲ್ಲ’ ಅನ್ನುತ್ತೇವೆ. ಇಬ್ಬರ ಹೆಸರು ಹೇಳಿ ಪಂಚಾಂಗ ಕೇಳಿಸಿದೆವು, ಹೊಂದಲಿಲ್ಲ ಎಂದರ್ಥ. ಯಾರ ಮರ್ಯಾದೆಯೂ ಹೋಗುವುದಿಲ್ಲ. ಸೋದರತ್ತೆಯ ಕೈಯಲ್ಲಿ ಹಾಗೇ ಹೇಳಿ ಕಳಿಸಿದರು. ಟಿವಿಯ ಸಾಹೇಬ ಕೊನೆಗೆ ಎಲ್ಲರನ್ನೂ ಕೂಡಿಸಿ, ಅಳಿಯನನ್ನು ಆ ಚೌಕದ ಮುಂದೆ ನಿಲ್ಲಿಸಿ, ‘ಇದಕ್ಕೇನು ಹೇಳುತ್ತೀ?’ ಎಂದು ಕೇಳಿದ್ದ. ಖೂನಿ ಮಾಡಿದವನಿಗೂ ಬಾಯಿ ತೆರೆಯಲು ಒಂದು ಅವಕಾಶ ಸಿಕ್ಕಿತ್ತು. ಅಪ್ಪ ಆ ಭಾಗವನ್ನೂ ನೋಡಿದ್ದ, ನಾನೂ ನೋಡಿದ್ದೆ.

ಆಮೇಲೆ ನನ್ನನ್ನು ಹುನಗುಂದಕ್ಕೆ ಕೊಟ್ಟರು. ಗಂಡ ಕೆಟ್ಟವನಲ್ಲ. ಕೊರಳಲ್ಲಿ ಲಿಂಗವಿದೆ, ದಿನಾ ಪೂಜೆ ತಪ್ಪಿಸುವುದಿಲ್ಲ. ಮಾತು ಮಾತ್ರ ಅಳೆದು ತೂಗಿ. ನಾನು ಗಟ್ಟಿಯಾಗಿ ನಕ್ಕರೆ ‘ಏನಾತು?’ ಎಂದು ಕೇಳುತ್ತಾನೆ. ಏನಾಯಿತೆಂದು ಹೇಳುವುದರೊಳಗೆ ನಗು ಆರಿಹೋಗುತ್ತದೆ.

ಈ ಬೇಸಿಗೆಯಲ್ಲಿ ಕಮತಗಿಯಲ್ಲೊಂದು ಮದುವೆಯಿತ್ತು. ಅಪ್ಪನೂ ಬಂದಿದ್ದ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಹೆಂಗಸು ನನ್ನ ಮುಖವನ್ನೇ ನೋಡಿ, ‘ಇಳಕಲ್ಲ ಸೀರಿ ಅಂಗಡಿಯವ್ರ ಮಗಳಲ್ಲೇನವಾ?’ ಅಂದಳು. ಕೆರೂರಿನ ಹುಡುಗನ ತಾಯಿ. ಮಗನಿಗೆ ಮದುವೆಯಾಗಿ ಮಕ್ಕಳಾಗಿವೆಯಂತೆ. ಮಾತು ಮಾತಿಗೆ ಬಂದು ತನ್ನ ಗಂಡನ ಸಾವಿನ ಕತೆ ತೆಗೆದಳು.

‘ಬಾಗಲಕೋಟಿಯಿಂದ ಬರಬೇಕಾದ್ರ ಗಾಡಿ ಬಿತ್ತವಾ. ಕೊರಳಾಗಿನ ಲಿಂಗ ಎಲ್ಲಿ ಹಾರಿ ಬಿತ್ತೋ, ಎಷ್ಟ ಹುಡುಕಿದ್ರೂ ಸಿಗಲಿಲ್ಲ. ಮಣ್ಣ ಮಾಡೂ ಹೊತ್ತಾತು. ಬ್ಯಾರೆ ತರಸ್ತೇವಿ ಅಂದ್ರು ಮಂದಿ. ನನ್ನ ಮಗಾ ಕೇಳಲಿಲ್ಲ. ತನ್ನ ಕೊರಳಾಗಿಂದ ಬಿಚ್ಚಿ ಅಪ್ಪನ ಕೈಯಾಗಿಟ್ಟ. ಮದುವಿ ಮುಂದ ಹೊಸಾದು ಕಟ್ಟೂಣು ಅಂದಿದ್ರು ಮಠದ ಅಜ್ಜಾರು. ಅಲ್ಲೀ ತನಕಾ ಬರೇ ಕೊರಳಿಲೆ ಅಡ್ಡಾಡಿದ, ಪಾಪ.’

ದೂರದಲ್ಲಿ ಉಣ್ಣುತ್ತಿದ್ದ ಅಪ್ಪನ ಕಡೆ ನೋಡಿದೆ. ಅವಳು ನನ್ನ ಕೈ ಮುಟ್ಟಿದಳು.

‘ಹೆಸರಬಲ ಕೂಡಲಿಲ್ಲ, ಯಾರೇನ ಮಾಡಾಕಾಗತೈತಿ? ಹುಡುಗಿ ಹೆಸರ ಬದಲಿ ಮಾಡಿ ಮದುವಿ ಮಾಡ್ತಾರಲ್ಲವಾ, ಹಂಗ ಕೇಳೂಣು ಅಂದೆ ನಾ. ಆಕಿ ಹೆಸರ ಮುಟ್ಟಬ್ಯಾಡ್ರಿ, ನಂದ ಬದಲಿ ಮಾಡ್ರಿ ಅಂದ ಮಗಾ. ಗಂಡಸ ಹೆಸರ ಬದಲಿ ಮಾಡೂದೈತೇನಲೇ ಅಂತ ಹಿರೇರೆಲ್ಲಾ ನಕ್ಕರು.’

ಹಿಂದಿರುಗುವ ಬಸ್ಸಿನಲ್ಲಿ ಅಪ್ಪನಿಗೆ ಲಿಂಗದ ಸಂಗತಿ ಹೇಳಿದೆ. ಸಿಟ್ಟಿನಲ್ಲೇ ಹೇಳಿದೆ. ಅಪ್ಪ ಕಿಟಕಿಯ ಕಡೆ ತಿರುಗಿದ. ಆಮೇಲೆ, ‘ನಿಮ್ಮವ್ವ ಹೇಳಿದ್ಲು, ಕೇಳೂಣು ಅಂತ’ ಅಂದ. ಅವ್ವ ತೀರಿಹೋಗಿ ವರ್ಷಗಳಾದವು. ‘ಮತ್ತ, ಹೆಸರಬಲದ ಮಾತಿಗೆ ಏನಂದ್ರವಾ ಅವ್ರು?’

‘ಏನಿಲ್ಲಪಾ. ಖರೆ ಅಂತ ನಂಬಿದ್ರು’ ಅಂದೆ.

ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ. ನನಗಾಗಿ ಹೆಸರನ್ನೇ ಬಿಡುತ್ತೇನೆ ಎಂದವನನ್ನು ನಾವು ಒಂದು ಮಾತೂ ಕೇಳಿರಲಿಲ್ಲ.